ಅಮರಮ್ಮನ ಮರಡಿ

ಅಮರಮ್ಮನ ಆಡಿನ ಮರಿ ಸರ್ಕಾರದ ನೋಟೀಸು ತಿಂದದ್ದು ಹಸಿವಿನಿಂದಲ್ಲ, ಅದರ ಹಿಂದೆ ಹಚ್ಚಿದ್ದ ಮೈದಾ ಅಂಟಿನ ಆಸೆಗೆ. ತಾಯಿ ಸತ್ತ ಎರಡು ತಿಂಗಳ ಮರಿ. ಮನೆಯಲ್ಲಿ ಬಿಟ್ಟರೆ ಒದರಿ ಒದರಿ ಪ್ರಾಣ ಬಿಡುತ್ತದೆಂದು ಸೆರಗಿನಲ್ಲಿ ಸುತ್ತಿಕೊಂಡು ಗುರುಗುಂಟಾದಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ತಂದಿದ್ದಳು. ಕಚೇರಿಯಲ್ಲಿ ಏನೋ ಕಾಗದ ಹಚ್ಚಿದ್ದಾರೆಂದು ಕೇಳಿ ಬಂದವಳು, ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿ ಮರಿಯನ್ನು ಒಂದು ಗಳಿಗೆ ಕೆಳಗಿಟ್ಟಳು. ಆಕೆ ನೆಟ್ಟಗಾಗುವಷ್ಟರಲ್ಲಿ ಸರ್ವೆ ನಂಬರು, ನಲವತ್ತೆರಡು ಎಕರೆ, ಚಕ್ಕುಬಂದಿ ಎಲ್ಲ ಹೊಟ್ಟೆ ಸೇರಿ, ಗೋಡೆಯ ಮೇಲೆ ದುಂಡನೆಯ ಮೊಹರೊಂದೇ ಉಳಿದಿತ್ತು.

ಒಳಗಿದ್ದ ಅವಳ ತಮ್ಮ ಲಾಲಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅದು ಭೂಮಿ ಅಳೆಯುವ ಕಚೇರಿ. ಬಾಯಿ ಬಿಟ್ಟರೆ ಅದನ್ನೂ ಅವನೇ ಅಳೆಯಬೇಕಾಗುತ್ತಿತ್ತು. ಅವನು ಅಲ್ಲಿಯ ಬಾಂದು ಜವಾನ. ಸರ್ವೆ ಸಾಹೇಬರ ಹಿಂದೆ ಸರಪಳಿ ಎಳೆಯುವುದು, ಗಡಿಗೆ ಬಾಂದುಕಲ್ಲು ನೆಡುವುದು, ನೆಟ್ಟದ್ದನ್ನು ಯಾರಾದರೂ ಕಿತ್ತರೆ ಮತ್ತೆ ನೆಡುವುದು, ಹೀಗೆ ಮೂವತ್ತೆರಡು ವರ್ಷ ಕಳೆದಿದ್ದ.

“ನಿಮ್ಮಕ್ಕನ ಮರಿ ಭಾರೀ ಓದತೈತಲ್ಲೋ ಲಾಲಪ್ಪ, ಒಂದಕ್ಷರಾನೂ ಬಿಡಲಿಲ್ಲ” ಎಂದ ಟೈಪಿಸ್ಟು. ಎಲ್ಲರೂ ನಕ್ಕರು. ಅಮರಮ್ಮ ಮಾತ್ರ ಮರಿಯ ಬಾಯಿಂದ ಕೊನೆಯ ಚೂರು ಎಳೆದು ತಮ್ಮನ ಕೈಗಿಟ್ಟು, ಇದರಾಗ ಏನು ಬರದಿತ್ತು ಹೇಳು ಅಂದಳು. ಅದನ್ನು ಹೇಳುವುದೇ ಅವನಿಗೆ ಕಷ್ಟವಾಯಿತು.

ಬರೆದದ್ದು ಇಷ್ಟು: ಗುರುಗುಂಟಾದಾಚೆಯ ಆ ನಲವತ್ತೆರಡು ಎಕರೆ ಬೀಳು ಜಮೀನು. ಅಲ್ಲಿ ಏನೂ ಬೆಳೆಯುವುದಿಲ್ಲ, ಯಾರೂ ಬಳಸುವುದಿಲ್ಲ. ಆದ್ದರಿಂದ ಬಿಸಿಲಿನಿಂದ ಕರೆಂಟು ತೆಗೆಯುವ ಕಂಪನಿಗೆ ಕೊಡುವ ವಿಚಾರವಿದೆ. ತಕರಾರು ಇದ್ದವರು ಮುಂದಿನ ತಿಂಗಳ ವಿಚಾರಣೆಗೆ ಬಂದು ಹೇಳಬೇಕು.

ಆ ಬೀಳು ಅಮರಮ್ಮನ ಮರಡಿ. ಕಾಗದದಲ್ಲಿ ಅವಳದಲ್ಲ, ಆದರೆ ಮೂವತ್ತೆಂಟು ವರ್ಷ ದಿನಾಲೂ ಹತ್ತಿ ಇಳಿದವಳು ಅವಳೊಬ್ಬಳೇ. ಗಂಡ ತೀರಿಕೊಂಡ ಹತ್ತನೆಯ ದಿನವೇ ಕುರಿ ಹೊಡೆದುಕೊಂಡು ಹೋಗಿದ್ದಳು. ಸತ್ತದ್ದು ಗಂಡ, ಕುರಿಗಳ ಹಸಿವಲ್ಲ ಎಂದು ಬೀಗರಿಗೆ ಹೇಳಿದ್ದಳಂತೆ. ಈಗ ಅರವತ್ತು ಜೀವಗಳಿವೆ. ಬೇಸಿಗೆಯಲ್ಲಿ ಅವನ್ನು ಎಲ್ಲಿಯಾದರೂ ಮೇಯಿಸಬಹುದು, ಕಷ್ಟ ಮಳೆಗಾಲದ್ದು. ಸುತ್ತ ಎಲ್ಲ ಕಪ್ಪು ಮಣ್ಣಿನ ಯರಿ ಹೊಲ. ಮಳೆ ಬಿದ್ದರೆ ಮೊಳಕಾಲಿನವರೆಗೆ ಕೆಸರು, ಅದರಲ್ಲಿ ನಿಂತ ಕುರಿಯ ಗೊರಸು ವಾರದೊಳಗೆ ಕೊಳೆಯುತ್ತದೆ. ನೀರು ನಿಲ್ಲದ ಕಲ್ಲು ನೆಲ ಆ ಮರಡಿಯೊಂದೇ. ಅದು ಹೋದರೆ ಮೊದಲ ಮಳೆಗೇ ಮಂದೆ ಮಾರಬೇಕು. ಮಾರಿದ ಮೇಲೆ ಅರವತ್ತೆರಡರ ಅಮರಮ್ಮ ಬೆಳಗಾದರೆ ಎಲ್ಲಿಗೆ ಹೋಗಬೇಕು ಎಂಬುದು ಲಾಲಪ್ಪನಿಗೂ ತಿಳಿಯದು, ಅವಳಿಗೂ ತಿಳಿಯದು.

ಮರಡಿ ಎಂಬ ಮಾತನ್ನು ಲಾಲಪ್ಪ ಮೂರು ತಾಲೂಕಿನಲ್ಲಿ ಕೇಳಿದ್ದ. ಸರಪಳಿ ಎಲ್ಲ ಕಡೆ ಅಷ್ಟೇ ಉದ್ದವಿದ್ದರೂ ಆ ಮಾತಿನ ಅಳತೆ ಊರಿಗೊಂದು. ಗುರುಗುಂಟಾದಲ್ಲಿ ಮರಡಿ ಎಂದರೆ ಕಲ್ಲೂ ಹುಲ್ಲೂ ಕೂಡಿದ ದಿಬ್ಬ, ದನಕರುಗಳ ತವರುಮನೆ. ಮಸ್ಕಿಯ ಕಡೆ ಅದರ ಮೇಲೆ ಒಂದು ಗುಡಿಯೋ ದರ್ಗಾವೋ ಇರಲೇಬೇಕು, ಇಲ್ಲದಿದ್ದರೆ ಅದು ಬರೀ ದಿನ್ನಿ. ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಕಾಲುವೆ ನೀರು ಏರದ ನೆಲವೆಲ್ಲ ಮರಡಿಯೇ. ಅಲ್ಲಿ ಮರಡಿಯೂರಿಗೆ ಹೆಣ್ಣು ಕೊಡುವುದೆಂದರೆ ಮೂಗು ಮುರಿಯುತ್ತಾರೆ. ಕಾಲುವೆ ನೀರಿಗೆ ಬಂದು ಕ್ಯಾಂಪು ಕಟ್ಟಿಕೊಂಡ ಆಂಧ್ರದವರು ಅದನ್ನೇ ತಮ್ಮ ತೆಲುಗಿನಲ್ಲಿ ಬೀಡು ಅನ್ನುತ್ತಾರೆ. ಹಟ್ಟಿಯಲ್ಲಿ ಒಬ್ಬ ಗಣಿ ಕೆಲಸಗಾರ ಚಿನ್ನ ತೆಗೆದು ಚೆಲ್ಲಿದ ಮಣ್ಣುಗುಡ್ಡೆಯನ್ನು ತೋರಿಸಿ, ಇದ ನಮ್ಮ ಮರಡಿ ಅಂದಿದ್ದ. ಇಷ್ಟೆಲ್ಲ ಮರಡಿಗಳಿಗೆ ಕಚೇರಿಯ ರಿಜಿಸ್ಟರಿನಲ್ಲಿ ಇದ್ದದ್ದು ಒಂದೇ ಕಾಲಮ್ಮು: ಬೀಳು.

ನೋಟೀಸಿನ ಮಾತನ್ನು ಅಕ್ಕನಿಗೆ ಹೇಳುವುದು ಲಾಲಪ್ಪನಿಗೆ ಕಷ್ಟವಾದದ್ದು ಅದಕ್ಕಲ್ಲ. ಆ ಕಾಲಮ್ಮು ತುಂಬಿದ ದಿನ ಅವನೂ ಅಲ್ಲಿದ್ದ. ಮೂರು ವರ್ಷದ ಹಿಂದೆ ಬೆಂಗಳೂರು ಕಡೆಯ ಸರ್ವೆಯರೊಬ್ಬರು ಬಂದಿದ್ದರು. ಜಾಲಿಯ ನೆರಳಲ್ಲಿ ಕುಳಿತು, ಇಲ್ಲಿ ಏನಿದೆ, ಆ ಹೆಂಗಸನ್ನು ಕೇಳು ಅಂದರು. ಲಾಲಪ್ಪ ಕೇಳಿದ. ಅಮರಮ್ಮ ಕುರಿ ಕಾಯುವವರು ಹೇಳುವುದನ್ನೇ ಹೇಳಿದಳು: “ಏನೈತಿ ಇಲ್ಲಿ, ಬರೇ ಕಲ್ಲು.”

ಅದು ಮರಡಿಯ ಶಾಸ್ತ್ರ. ತನ್ನ ಮರಡಿಯ ಹುಲ್ಲನ್ನು ಯಾರೂ ಬಾಯಿಬಿಟ್ಟು ಹೊಗಳುವುದಿಲ್ಲ. ಹೊಗಳಿದರೆ ದೃಷ್ಟಿ ತಾಗುತ್ತದೆ, ದೃಷ್ಟಿ ತಾಗದಿದ್ದರೆ ಪಕ್ಕದೂರಿನ ಮಂದೆ ಬರುತ್ತದೆ. ಏನಿಲ್ಲ ಎಂದರೆ ಬೇಕಾದಷ್ಟಿದೆ ಎಂದು ತಿಳಿಯಬೇಕು. ಚಲೋ ಐತಿ ಬರ್ರಿ ಎಂದು ಯಾರಾದರೂ ಕರೆದರೆ ಅಲ್ಲಿ ಕಡ್ಡಿಯೂ ಉಳಿದಿಲ್ಲವೆಂದು ತಿಳಿದು ಬೇರೆ ದಾರಿ ಹಿಡಿಯಬೇಕು. ಇದು ಗೊತ್ತಿದ್ದೂ ಲಾಲಪ್ಪ ಅಕ್ಕನ ಮಾತನ್ನು ಇದ್ದ ಹಾಗೇ ದಾಟಿಸಿದ. ಸರ್ವೆಯರು ಇದ್ದ ಹಾಗೇ ಬರೆದರು. ಕೆಳಗೆ ಪಂಚನಾಮೆಯ ಸಾಕ್ಷಿಯೆಂದು ರುಜು ಹಾಕಿದವನೂ ಲಾಲಪ್ಪನೇ. ಜೀವಮಾನವೆಲ್ಲ ಊರವರ ಗಡಿಕಲ್ಲು ಕಾಯ್ದವನು ಒಡಹುಟ್ಟಿದವಳ ಕಲ್ಲನ್ನೇ ಎತ್ತಿ ಕೊಟ್ಟಂತಾಗಿತ್ತು.

ವಿಚಾರಣೆಗೆ ಮುಂಚೆ ಎರಡು ರವಿವಾರ ಅವನು ಮರಡಿ ಹತ್ತಿ ಅಕ್ಕನಿಗೆ ಪಾಠ ಹೇಳಿದ. ಸರ್ಕಾರಕ್ಕೆ ಶಾಸ್ತ್ರ ತಿಳಿಯುವುದಿಲ್ಲ, ಇದ್ದದ್ದನ್ನು ಇದೆ ಅನ್ನಬೇಕು ಎಂದ. ಅವಳು ಸುತ್ತ ನೋಡಿ, ಹುಲ್ಲಿಗೂ ಕೇಳಿಸದ ಹಾಗೆ ಒಂದೊಂದೇ ಹೇಳಿದಳು. ಬಡಗಣ ಮಗ್ಗುಲಿಗೆ ಕರಡದ ಹುಲ್ಲು. ಬಂಡೆಯ ಸಂದಿನಲ್ಲಿ ಯುಗಾದಿಯವರೆಗೂ ಬತ್ತದ ಒರತೆ. ಬಾರಿ ಹಣ್ಣು, ಕವಳಿ ಹಣ್ಣು. ಈಯುವ ಕುರಿ ತಾನಾಗಿ ಹೋಗಿ ನಿಲ್ಲುವ ಒಂದು ಬನ್ನಿ ಗಿಡ. ಹೇಳುತ್ತ ಹೇಳುತ್ತ ಅವಳ ಮುಖ ಬೆಳಗಿತು. ಹೇಳಿ ಮುಗಿಸಿದ ಮೇಲೆ ನೆಲ ಮುಟ್ಟಿ ಗಲ್ಲ ಗಲ್ಲ ಬಡಿದುಕೊಂಡಳು.

“ಅಲ್ಲೂ ಹಿಂಗ ಹೇಳತೀಯಲ್ಲ?” ಎಂದ ಲಾಲಪ್ಪ.

“ಹೇಳಬೇಕಲ್ಲಪ್ಪ ತಮ್ಮ. ಮರಡೀನ ಹೋಗೂದಾದರ ದೃಷ್ಟಿ ತಗೊಂಡು ಏನ್ ಮಾಡ್ಲಿ.”

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಒಂದು ಬಾಂದುಕಲ್ಲು ನೆಟ್ಟಲ್ಲಿ ಮಗ್ಗುಲಿಗೆ ಇನ್ನೊಂದು ಗುರುತು ಹಾಕಿ ಬರುವುದು ಲಾಲಪ್ಪನ ಕೆಲಸದ ಚಟ. ಅಕ್ಕನೊಬ್ಬಳ ಮಾತು ಸಾಲದೆಂದು ಮಸ್ಕಿ ಕಡೆಯ ದಾವಲ್‌ಸಾಬನನ್ನೂ ಸಾಕ್ಷಿಗೆ ಕರೆದ. ಇನ್ನೂರು ಕುರಿಯ ಒಡೆಯ, ಸಂತೆಗೆ ಮಂದೆ ಹೊಡೆಯುವಾಗ ಆ ಮರಡಿಯ ಅಂಚಿನಲ್ಲೇ ಹೋಗುವವನು. ಅಕ್ಕನಿಗೆ ಇದನ್ನು ಹೇಳಲಿಲ್ಲ. ಕಂಡಾಗ ಖುಷಿಪಡಲಿ ಎಂದುಕೊಂಡ.

ವಿಚಾರಣೆಯ ಅಧಿಕಾರಿ ಶಿವರಂಜನಿ ಮೇಡಂ ಹೊಸಬರು. ಗಡಿಯಾರ ನೋಡದೆ ಕೇಳುವ ಜನ ಕಚೇರಿಗೆ ಅಪರೂಪ. ಲಾಲಪ್ಪನಿಗೆ ಧೈರ್ಯ ಬಂತು. ಹಳೆಯ ಪಂಚನಾಮೆಯಲ್ಲಿ ಏನೂ ಇಲ್ಲವೆಂದಿದೆ, ಅದು ತಪ್ಪೆಂದು ಈ ತಾಯಿ ಹೇಳಿದರೆ ಜಮೀನು ತಡೆಹಿಡಿದು ಮತ್ತೆ ಸರ್ವೆ ಮಾಡಿಸುತ್ತೇನೆ, ಇಲ್ಲದಿದ್ದರೆ ಕಡತ ಇವತ್ತೇ ಮುಂದೆ ಹೋಗುತ್ತದೆ ಎಂದು ಅವರು ನೇರವಾಗಿಯೇ ಹೇಳಿದರು. ದೂರದಿಂದ ಬಂದವನೆಂದು ದಾವಲ್‌ಸಾಬನನ್ನು ಮೊದಲು ಕೇಳಿದರು.

ಪರರ ಮರಡಿಯನ್ನು ಹೊಗಳಲು ಯಾವ ಶಾಸ್ತ್ರವೂ ಅಡ್ಡಿಯಿಲ್ಲ. ದಾವಲ್‌ಸಾಬ ಟೋಪಿ ಸರಿಮಾಡಿಕೊಂಡು ಹೊಗಳಿದ. ಅಂಥ ಕರಡ ಮೂರು ತಾಲೂಕಿನಲ್ಲಿಲ್ಲ ಅಂದ. ಒರತೆ ಇರುವುದು ಬಂಡೆಯ ಯಾವ ಕಡೆ ಎಂಬುದನ್ನೂ ಹೇಳಿದ. ಅಲ್ಲಿಯ ಕುರಿಗಳ ಮೈ ನೋಡಿದರೆ ಕಣ್ಣು ಕೀಳಲಾಗುವುದಿಲ್ಲ ಅಂದ. ಹೊಗಳಿಕೆ ಏರಿದಂತೆಲ್ಲ ಅಮರಮ್ಮನ ಮುಖ ಇಳಿಯಿತು. ಅಂದೂ ಸೆರಗಿನೊಳಗೆ ತಂದಿದ್ದ ಮರಿಯನ್ನು ಅವಳು ಇನ್ನಷ್ಟು ಒತ್ತಿ ಮುಚ್ಚಿಕೊಂಡಳು. ಲಾಲಪ್ಪನಿಗೆ ತಾನು ಏನು ಮಾಡಿದೆನೆಂಬುದು ಆಗ ಹೊಳೆಯಿತು.

“ಖರೇ ಹೇಳಬೇಕಂದ್ರ ಮೇಡಮ್ಮಾರೆ, ಈ ಮಳಿಗಾಲಕ್ಕ ನನ್ನ ಇನ್ನೂರು ಕುರಿ ಅಲ್ಲೇ ಬಿಡಬೇಕಂತ ಮಾಡೀನ್ರಿ” ಎಂದು ಮುಗಿಸಿ ದಾವಲ್‌ಸಾಬ ಬೆಂಚಿನ ಮೇಲೆ ಕುಳಿತ.

ಶಿವರಂಜನಿ ಮೇಡಂ ಹೊಸ ಹಾಳೆ ತೆಗೆದು, ಪೆನ್ನು ಹಿಡಿದು ಅಮರಮ್ಮನ ಕಡೆ ತಿರುಗಿದರು.

“ಈಗ ನೀವು ಹೇಳಿ ಅಮ್ಮಾ. ಆ ಮರಡಿಯಲ್ಲಿ ಏನೇನಿದೆ?”

ಲಾಲಪ್ಪ ಅಕ್ಕನ ಕಣ್ಣು ಹಿಡಿಯಲು ನೋಡಿದ. ಅವಳು ನೋಡುತ್ತಿದ್ದದ್ದು ದಾವಲ್‌ಸಾಬನನ್ನು.

“ಅವನ ಮಾತು ಕಟಗೊಂಡು ಏನ್ ಬರೀತೀರಿ ಯವ್ವಾ,” ಎಂದಳು ಅಮರಮ್ಮ. “ಏನೈತಿ ಅಲ್ಲಿ, ಬರೇ ಕಲ್ಲು.”