ಅಳಿಸದೆ ಉಳಿದ ನಗು

ಬೂಕನಕೆರೆಯ ನಮ್ಮ ಹಾಲಿನ ಡೇರಿಗೆ ಆ ಸಂಶೋಧಕಿ ಬರುತ್ತಿದ್ದದ್ದು ಹಾಲಿಗಲ್ಲ, ಮಾತಿಗೆ. ನಾವು ಹೆಂಗಸರು ಮೊಬೈಲಿನಲ್ಲಿ ಬರೆಯದೆ ಮಾತಲ್ಲೇ ಏಕೆ ಸಂದೇಶ ಕಳಿಸುತ್ತೇವೆ ಎಂಬುದು ಅವರ ಸಂಶೋಧನೆ. ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಮ್ಮ ಮಾತು ರೆಕಾರ್ಡು ಮಾಡುವರು. ಪ್ರತಿಯೊಂದಕ್ಕೂ "ಒಪ್ಪಿಗೆಯಾ?" ಎನ್ನುವರು.

ವಿದೇಶದ ಸಮ್ಮೇಳನಕ್ಕೆ ಹೋಗುವ ಮೊದಲು ಅಲ್ಲಿ ಕೇಳಿಸಲಿದ್ದ ನಮ್ಮ ಧ್ವನಿಗಳನ್ನು ಡೇರಿಯ ಜಗಲಿಯಲ್ಲೇ ಕೇಳಿಸಿದರು. ನನ್ನ ಅತ್ತೆ ಮುಖ ಸಿಂಡರಿಸಿದರು.

"ಎಮ್ಮೆ ಒದ್ದಿದ್ದು ಯೋಳ್ದಾಗ ಎಲ್ರೂ ಬಿದ್ದೂ ಬಿದ್ದೂ ನಕ್ಕಿದ್ವಲ್ಲ, ಅದ್ನ ಯಾಕವ್ವ ತಗ್ದ್ಬುಟ್ಟೆ?"

"ಅದರಲ್ಲಿ ನಾನೂ ನಕ್ಕಿದ್ದೀನಿ. ಸಂಶೋಧಕಿ ನಗು ಅಲ್ಲಿರಬಾರದು."

"ಯಾಕಿರ್ಬಾರ್ದು? ನೀನೂ ನಮ್ಜೊತೇಲೇ ಕುಂತಿದ್ದೆ ತಾನೆ? ಆಕು ಅದ್ನ."

ಅವರು ವೈರು ಬಿಚ್ಚಿದರು, ಮತ್ತೆ ಸುತ್ತಿದರು. ಕೊನೆಗೆ ನಗುವನ್ನು ಸೇರಿಸಿ ಕೇಳಿಸಿ, "ಈಗ ಒಪ್ಪಿಗೆಯಾ?" ಎಂದರು.

"ಊಂ, ಈಗ ಸರಿ ಕಣವ್ವ."

ಕೆಲಸ ಮುಗಿಸಿ ಹೋದವರು ಮತ್ತೆ ಈ ಕಡೆ ಬಂದಿಲ್ಲ. ಸಮ್ಮೇಳನದ ವಿಡಿಯೊ ನನ್ನ ಮೊಬೈಲಿನಲ್ಲಿದೆ. ಮಾತೆಲ್ಲ ಇಂಗ್ಲಿಷು, ನನಗೆ ತಿಳಿಯದು. ಸಂಜೆ ಹಾಲು ಹಾಕಿ ಬಂದು, ನಗು ಬರುವಲ್ಲಿಗೇ ಓಡಿಸಿಕೊಂಡು ಕೇಳುತ್ತೇನೆ. ಮೊದಲು ಅತ್ತೆಯದು, ಆಮೇಲೆ ನಮ್ಮೆಲ್ಲರದು. ತಡೆದೂ ತಡೆದೂ ಕೊನೆಗೆ ಸಿಡಿಯುವುದು ಅವರದು. ನಮ್ಮದು ನಿಂತ ಮೇಲೂ ಅದೊಂದು ಸ್ವಲ್ಪ ಹೊತ್ತು ಇರುತ್ತದೆ.