ಮಾವಿನ ಹಲಗೆಯ ಕಪಾಟು

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು. ಎಂಬತ್ತರ ದಶಕದ ಕೊನೆಯಲ್ಲಿ ರಾಣೇಬೆನ್ನೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಬಾಡಿಗೆ ಮನೆ ಹಿಡಿದು, ಬ್ಯಾಡಗಿಯಿಂದ ತಂದೆಯವರನ್ನು ಕರೆತಂದೆ. ಅವರು ಅಲ್ಲಿಯ ಮೆಣಸಿನಕಾಯಿ ಪೇಟೆಯಲ್ಲಿ ಆಯುಷ್ಯವೆಲ್ಲ ಚೀಲ ಹೊತ್ತವರು. ಬರುವಾಗ ತಗಡಿನ ಟ್ರಂಕೊಂದನ್ನು ತಂದಿದ್ದರು. ಅದರೊಳಗೆ, ಒಣಗಿದ ಬೇವಿನ ಎಲೆಗಳ ನಡುವೆ, ತೀರಿಕೊಂಡ ನನ್ನ ತಾಯಿಯ ಇಳಕಲ್ ಸೀರೆಯಿತ್ತು. ಮೊದಲ ಮೊಮ್ಮಗುವಿಗೆ ಹೊದಿಸಲು ಅದರಿಂದಲೇ ಕೌದಿ ಹೊಲಿಸಬೇಕೆಂದು ಅವರು ಅದನ್ನು ಕಾಯ್ದಿರಿಸಿದ್ದರು.

ಮಾಸಿದ ಆ ಟ್ರಂಕಿನಿಂದ ನನಗೆ ಸಂಕೋಚವಾಗುತ್ತಿತ್ತು. ಸಹೋದ್ಯೋಗಿಗಳ ಮನೆಗಳಲ್ಲಿ ಹೊಳೆಯುವ ಕಪಾಟುಗಳಿದ್ದವು. ನಾನೂ ಒಂದನ್ನು ಮಾಡಿಸಿದೆ. ಸಾಗುವಾನಿಯಂತೆ ಕಾಣಲೆಂದು ಪಾಲಿಶ್ ಹೊಡೆಸಿದ್ದ ಮಾವಿನ ಹಲಗೆ, ಬೆನ್ನಿಗೆ ತೆಳುವಾದ ಪ್ಲೈವುಡ್. ಅದು ಬಂದ ದಿನ, ಬೇಡವೆಂದರೂ ಕೇಳದೆ, ಒಂದು ತುದಿಗೆ ತಂದೆಯವರೇ ಹೆಗಲು ಕೊಟ್ಟರು. ಇಳಿಸಿದ ಮೇಲೆ ಹಲಗೆಗೆ ಅಂಗೈ ಊರಿ ನಿಂತರು.

"ತಮ್ಮಾ, ಈ ಕಟ್ಟಿಗಿ ಇನ್ನೂ ಹಸೇದೈತಿ. ಇಷ್ಟ ಭಾರ ಇರಬಾರದು."

ಬಡಿಗ ನಕ್ಕ. "ಯಜ್ಜಾ, ಇದೇನ ಮೆಣಸಿನಕಾಯಿ ಚೀಲ ಅಂತ ತಿಳದೀರೇನು? ಕಪಾಟ್ರೀ ಇದು!"

ನಾನೂ ಅವನೊಂದಿಗೆ ನಕ್ಕೆ.

ತಂದೆಯವರು ಮತ್ತೊಂದು ಮಾತು ಹೇಳಿದರು. "ಹಂಗಾರ ಗ್ವಾಡಿಗರೆ ಆನಿಸಬ್ಯಾಡ. ಅದರ ಹಿಂದ ಬಚ್ಚಲ ಐತಿ. ಪೇಟ್ಯಾಗ ನಾವು ಚೀಲಾನೂ ಗ್ವಾಡಿಗೆ ಹಚ್ಚಿ ಇಡಂಗಿಲ್ಲ, ಗೇಣು ಜಾಗಾ ಬಿಡತೇವಿ."

"ಅಪ್ಪಾ, ಅದು ಗೋದಾಮು. ಇದು ಮನಿ," ಎಂದೆ. ಕಪಾಟನ್ನು ಗೋಡೆಗೆ ಒತ್ತಿಯೇ ನಿಲ್ಲಿಸಿದೆವು. ಸೀರೆಯನ್ನು ಕೆಳಗಿನ ಅಂಕಣದಲ್ಲಿ ಇಡಿಸಿ, ಟ್ರಂಕನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. "ನೀ ಕಲತಾವ, ನೀ ಹೇಳಿದಂಗ ಆಗಲಿ," ಎಂದರು ತಂದೆಯವರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವರು ನಿಜವಾಗಿಯೂ ಹಾಗೆಯೇ ನಂಬಿದ್ದರು.

ಮರುವರ್ಷ ಶ್ರಾವಣದಲ್ಲಿ ಜಡಿಮಳೆ ಹಿಡಿಯಿತು. ನನ್ನ ಹೆಂಡತಿಗೆ ಆಗ ಏಳು ತಿಂಗಳು. ಕೌದಿ ಹೊಲಿಯುವ ಮುದುಕಿಯೊಬ್ಬಳನ್ನು ತಂದೆಯವರು ಹಲಗೇರಿಯಿಂದ ತಾವೇ ಕರೆತಂದರು. ಆಕೆಗೆ ಚಹಾ ಕೊಟ್ಟು, ಕಪಾಟಿನ ಬಾಗಿಲು ತೆಗೆದರು. ಹಸಿ ಮಣ್ಣಿನಂಥ, ಹುಳಿತ ಹಿಟ್ಟಿನಂಥ ವಾಸನೆ ಕೋಣೆಯನ್ನೆಲ್ಲ ತುಂಬಿತು. ಪ್ಲೈವುಡ್ ಉಬ್ಬಿ ಪದರಪದರವಾಗಿ ಬಿಟ್ಟಿತ್ತು. ಸೀರೆ ಅದಕ್ಕೆ ಅಂಟಿಕೊಂಡಿತ್ತು. ಮಡಿಕೆ ಬಿಡಿಸಿದಂತೆ ಒಳಗೊಳಗೆ ಬೂದು ಹಸಿರಿನ ಬೂಷ್ಟು.

ಮುದುಕಿ ಬಟ್ಟೆಯನ್ನು ಬೆಳಕಿಗೆ ಹಿಡಿದಳು. "ಯಣ್ಣಾ, ಇದು ಸೂಜಿ ತಡಿಯಂಗಿಲ್ಲ. ತಡದ್ರೂ ಕೂಸಿನ ಮೂಗಿಗೆ ಇದು ಬ್ಯಾಡೋ."

"ಸೆರಗರೆ ಬರತೈತೇನು ನೋಡವಾ," ಎಂದರು ತಂದೆಯವರು.

ಆಕೆ ಕೆಂಪು ಸೆರಗನ್ನು ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಅದು ಸದ್ದೇ ಇಲ್ಲದೆ ಸೀಳಿಹೋಯಿತು.

ತಂದೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನು ಮಳೆಯ ಮೇಲೋ ಬಡಿಗನ ಮೇಲೋ ತಪ್ಪು ಹೊರಿಸಿ ವಾದಿಸುತ್ತಿದ್ದೆನೇನೋ.

ಮುಂದೆ ಹಾವೇರಿಗೆ ವರ್ಗವಾದಾಗ ಉಕ್ಕಿನ ಕಪಾಟು ಕೊಂಡೆ. ಗೋಡೆಯಿಂದ ಗೇಣು ದೂರ, ಕಾಲುಗಳ ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದೆ. ಮನೆಗೆ ಸಾಮಾನು ಮಾಡಿಸುವವರು ಯಾರಾದರೂ ಕೇಳಿದರೆ ಇಂದಿಗೂ ಹೇಳುತ್ತೇನೆ: ಉಕ್ಕಾದರೆ ಒಳ್ಳೆಯದು, ಕಟ್ಟಿಗೆಯೇ ಬೇಕಿದ್ದರೆ ಚೆನ್ನಾಗಿ ಆರಿದ ಸಾಗುವಾನಿ, ತೇವದ ಗೋಡೆಗೆ ಪ್ಲೈವುಡ್ ಹಚ್ಚಬೇಡಿ. ಸರಿಯಾದ ಸಲಹೆಯೇ. ಯಾರಿಂದ ಕಲಿತೆನೆಂದು ಮಾತ್ರ ಹೇಳುವುದಿಲ್ಲ.

ಮಗಳ ಕೌದಿಯನ್ನು ನನ್ನ ಅತ್ತೆಯವರ ಸೀರೆಗಳಿಂದ ಹೊಲಿಸಲಾಗಿತ್ತು. ಅವಳಿಗೆ ಐದು ವರ್ಷವಿದ್ದಾಗ ಒಂದು ಮಧ್ಯಾಹ್ನ ಅದರ ತುಂಡುಗಳ ಮೇಲೆ ಬೆರಳಿಡುತ್ತ ಕೇಳಿದಳು: "ಅಜ್ಜಾ, ಇದರಾಗ ಅಪ್ಪನ ಅವ್ವಂದು ಯಾವುದು?"

ತಂದೆಯವರು ಕೌದಿಯ ಮೇಲೆ ಅಂಗೈ ಊರಿದರು.

"ಇಲ್ಲವಾ. ಅಕೀದು ಭಾಳ ಹಳೇ ಸೀರಿ. ಟ್ರಂಕಿನ್ಯಾಗ ಇಟ್ಟ ನಾನ ಕೆಡಿಸಿದೆ."

ನಾನು ಪಕ್ಕದ ಕೋಣೆಯಲ್ಲಿ ಕುಳಿತಿದ್ದೆ. ಎದ್ದು ಹೋಗಿ ಆ ಮಾತನ್ನು ತಿದ್ದಲಿಲ್ಲ.