ಅಂಚಿನ ಮುಳ್ಳು

ಉಗುರಣ್ಣ ಜಿಪುಣ. ದುಡ್ಡಿನಲ್ಲಲ್ಲ, ವಿದ್ಯೆಯಲ್ಲಿ. ಮೂವತ್ತೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತವನು. ಕತ್ತರಿಸಿದ ಲೋಹದ ಅಂಚಿನಲ್ಲಿ ಉಳಿಯುವ ಕೂದಲೆಳೆಯಷ್ಟು ಮುಳ್ಳನ್ನೂ ಹೆಬ್ಬೆರಳ ಉಗುರಿನಿಂದ ಪತ್ತೆ ಹಚ್ಚುತ್ತಿದ್ದ. ಹೆಸರು ಬಂದದ್ದೇ ಹಾಗೆ. ಹೇಗೆಂದು ಕೇಳಿದವರಿಗೆ ಬೆನ್ನು ತಿರುಗಿಸುತ್ತಿದ್ದ.

ಒಂದು ದಿನ, ಲೋಹವನ್ನು ಕಚ್ಚಿಹಿಡಿದು ತಿರುಗುವ ಚಕ್ಕಿನಲ್ಲಿ ಅದನ್ನು ಬಿಗಿಯುವ ಚಾವಿ ಬಿಟ್ಟು ಸ್ವಿಚ್ ಒತ್ತಿದ. ಹೊಸಬರು ಮಾಡುವ ತಪ್ಪು. ಸಿಡಿದ ಚಾವಿ ಎಡಗಣ್ಣಿನ ಕೆಳಗೆ ಬಡಿದು, ಕಣ್ಣುಗುಡ್ಡೆಯನ್ನು ಹೊತ್ತಿದ್ದ ತೆಳುಮೂಳೆ ಮುರಿಯಿತು. ಗುಡ್ಡೆ ಕುಸಿದು, ಒಂದು ವಸ್ತು ಎರಡಾಗಿ ಕಾಣತೊಡಗಿತು. ಎರಡೆರಡು ಕಾಣುವವನನ್ನು ಲೇತ್ ಹತ್ತಿರ ಯಾರೂ ಬಿಟ್ಟುಕೊಳ್ಳುವುದಿಲ್ಲ.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರಮ್ಮ ಟೈಟಾನಿಯಂ ಜಾಲರಿಯ ಮಾದರಿಯೊಂದನ್ನು ತಂದಳು. ಅವನ ಮಗಳ ವಯಸ್ಸಿನವಳು.

"ಇಂಥದ್ದನ್ನ ಅಳತೆಗೆ ಕತ್ತರಿಸಿ ಕೂರಿಸ್ತೀವಿ. ಕಣ್ಣು ಇದರ ಮೇಲೆ ನಿಲ್ಲುತ್ತೆ."

ಅವನು ಅಂಚಿನ ಮೇಲೆ ಉಗುರು ಹರಿಸಿದ. ಮೂಲೆಯಲ್ಲಿ ತಡೆಯಿತು.

"ಮುಳ್ಳಿದೆ."

"ಇದು ತೋರಿಸೋಕೆ ಇಟ್ಟಿರೋದು ಯಜಮಾನ್ರೇ. ನಿಮ್ಮದನ್ನ ನುಣುಪು ಮಾಡೇ ಹಾಕ್ತೀವಿ."

"ಕತ್ತರಿಸೋದು ಯಾವಾಗ?"

"ನೀವು ನಿದ್ದೆ ಹೋದ ಮೇಲೆ."

ಅಂದರೆ ಅವನು ನೋಡುವಂತಿಲ್ಲ. ಅಂಥದೇ ಮುಳ್ಳು, ಯಂತ್ರದ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲನ್ನು ವಾರದಲ್ಲಿ ಚಿಂದಿ ಮಾಡಿದ್ದನ್ನು ಕಂಡವನು. ಕಣ್ಣು ಹೊರಳಿಸುವ ಸ್ನಾಯು ರಬ್ಬರಿಗಿಂತ ಮೆತ್ತಗೆ. ರಾತ್ರಿ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಇನ್ನೊಬ್ಬರ ಕೆಲಸ ಒಂದು ಸಲ ನಂಬಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು ಹೆಂಡತಿ.

"ಕಣ್ಣು ಹೋಗುತ್ತೆ," ಎಂದು ಗೋಡೆಯ ಕಡೆ ಹೊರಳಿದ.

ಬೆಳಿಗ್ಗೆ ಡಾಕ್ಟರಮ್ಮ ಬಂದಾಗ ಮಾದರಿಯನ್ನು ಮತ್ತೆ ತರಿಸಿದ. ಅವಳಿಗೆ ಗ್ಲೌಸ್ ಹಾಕಿಕೊಳ್ಳಲು ಹೇಳಿ, ಅವಳ ಹೆಬ್ಬೆರಳನ್ನು ಹಿಡಿದ.

"ಒತ್ತಬೇಡಿ. ಉಗುರಿನ ತುದಿ ಸಾಕು. ಒಳಗಿಂದ ಹೊರಕ್ಕೆ. ಕಣ್ಣು ಮುಚ್ಚಿ; ಈ ಕೆಲಸಕ್ಕೆ ಕಣ್ಣು ಅಡ್ಡ ಬರುತ್ತೆ."

"ಗ್ಲೌಸ್ ಹರಿದ್ರೆ?"

"ಹರಿದ್ರೆ ಮುಳ್ಳಿದೆ ಅಂತ. ಉಜ್ಜಿ, ಬೇರೆ ಗ್ಲೌಸ್ ಹಾಕ್ಕೊಂಡು ಮತ್ತೆ ನೋಡಿ."

"ಮನೆ ಕತ್ತರಿಗೆ ಸಾಣೆ ಹಿಡಿಯೋದನ್ನೂ ನನಗೆ ಹೇಳಿಕೊಟ್ಟಿಲ್ಲ ಈ ಮಹಾನುಭಾವ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

ಅವನು ತಿರುಗಲಿಲ್ಲ. ಡಾಕ್ಟರಮ್ಮನ ಬೆರಳು ನಿಧಾನವಾಗಿ ಜಾರಿ ಮೂಲೆಯಲ್ಲಿ ನಿಂತಿತು.

"ಇಲ್ಲಿ," ಎಂದಳು, ಕಣ್ಣು ತೆರೆಯದೆ.

"ಹೂಂ. ಇನ್ನೊಂದು ಸಲ," ಎಂದು ಉಗುರಣ್ಣ ಅವಳ ಬೆರಳನ್ನು ಮತ್ತೆ ಅಂಚಿನ ಮೊದಲಿಗೆ ತಂದಿಟ್ಟ.